ಸುದ್ದಿಮನೆಯೊಳಗಿನ ತಂತ್ರಾಂಶ

ಪತ್ರಿಕೆಯೊಂದರ ಓದುಗರಿಗೆ ಕಾಣುವುದು ಜಾಲತಾಣ, ಮೊಬೈಲ್ ಆ್ಯಪ್ ಮತ್ತು ಬೆಳಗಿನ ಮುದ್ರಿತ ಸಂಚಿಕೆ. ಈ ಮೂರರ ಹಿಂದೆ, ಕಚೇರಿಯವರು ಮಾತ್ರ ಲಾಗಿನ್ ಆಗಬಲ್ಲ ಇನ್ನೊಂದು ತಂತ್ರಾಂಶವಿದೆ. ವರದಿಗಾರರ ಕಾಪಿ ಬಂದು ಬೀಳುವುದು ಅಲ್ಲಿಗೆ. ಉಪಸಂಪಾದಕರು ಅದನ್ನು ತಿದ್ದುವುದು, ಶೀರ್ಷಿಕೆ ಕೊಡುವುದು, ಚಿತ್ರ ಜೋಡಿಸುವುದು, ಸುದ್ದಿ ಸಂಪಾದಕರು ನೋಡಿ 'ಪಬ್ಲಿಶ್' ಒತ್ತುವುದು ಎಲ್ಲವೂ ಅಲ್ಲೇ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬುದು ಅದರ ಪೂರ್ಣ ಹೆಸರು. ಸುದ್ದಿಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಸಿಎಂಎಸ್. ಅದು ಹತ್ತು ನಿಮಿಷ ಕೆಟ್ಟು ನಿಂತರೂ ಇಡೀ ಡೆಸ್ಕ್ ಕೈಕಟ್ಟಿ ಕೂರಬೇಕಾಗುತ್ತದೆ.

ಇಂಥ ವ್ಯವಸ್ಥೆಯಲ್ಲಿ ಮೂರು ಭಾಗಗಳಿರುತ್ತವೆ. ಬರೆಯುವ ಮತ್ತು ತಿದ್ದುವ ಪರದೆ ಒಂದು. ಬರೆದದ್ದನ್ನು ಕಾಪಿಡುವ ಡೇಟಾಬೇಸ್ ಇನ್ನೊಂದು. ಅಲ್ಲಿಂದ ಎತ್ತಿ ಜಾಲತಾಣಕ್ಕೆ, ಆ್ಯಪ್‌ಗೆ, ಪುಟವಿನ್ಯಾಸದ ತಂತ್ರಾಂಶಕ್ಕೆ ತಲುಪಿಸುವ ಭಾಗ ಮೂರನೆಯದು. ಹೊರಗಿನವರಿಗೆ ಮೂರನೆಯದು ಮುಖ್ಯವೆನಿಸುತ್ತದೆ, ಸುದ್ದಿಮನೆಯವರಿಗೆ ಮೊದಲನೆಯದು. ಆದರೆ ಇಪ್ಪತ್ತು ವರ್ಷ ಬಾಳುವುದು ನಡುವಿನದು. ಪರದೆಯನ್ನು ಬದಲಿಸಬಹುದು, ಜಾಲತಾಣದ ವಿನ್ಯಾಸವಂತೂ ಬದಲಾಗುತ್ತಲೇ ಇರುತ್ತದೆ. ಸುದ್ದಿಯೊಂದನ್ನು ಯಾವ ಯಾವ ತುಣುಕುಗಳಾಗಿ ಕೂಡಿಡಬೇಕು ಎಂದು ಮೊದಲ ವರ್ಷ ಕೈಗೊಂಡ ತೀರ್ಮಾನ ಮಾತ್ರ ಮುಂದಿನ ಪ್ರತಿಯೊಂದು ತಂತ್ರಾಂಶದ ಕೈಹಿಡಿದು ನಡೆಸುತ್ತದೆ, ಇಲ್ಲವೇ ಕಾಲಿಗೆ ತೊಡರುತ್ತದೆ. ಆ ತೀರ್ಮಾನವನ್ನು ಯಾರು, ಯಾರ ಜೊತೆ ಕೂತು, ಎಷ್ಟು ಬೇಗ ಮಾಡುತ್ತಾರೆ ಎಂಬುದೇ ಇಡೀ ನಿರ್ವಹಣೆಯ ತಿರುಳು.

ಸ್ವಂತದ್ದನ್ನು ಕಟ್ಟುವುದೇಕೆ ಎಂಬ ಪ್ರಶ್ನೆ ಮೊದಲಿಗೇ ಬರುತ್ತದೆ. 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್ ಬಂದವು. ಎರಡೂ ಮುಕ್ತ ತಂತ್ರಾಂಶಗಳು, ಯಾರು ಬೇಕಾದರೂ ಬಳಸಬಹುದು. ಸಣ್ಣ ಸಂಸ್ಥೆಗಳಿಗೆ ಅವು ಧಾರಾಳ ಸಾಕು. ಸಂಪಾದಕೀಯ ಕೆಲಸದ ಕ್ರಮ ತೀರ ಭಿನ್ನವಾಗಿದ್ದಾಗ, ಒಂದೇ ವರದಿ ಹತ್ತು ಆವೃತ್ತಿಗಳಿಗೆ ಹತ್ತು ರೂಪದಲ್ಲಿ ಹೋಗಬೇಕಾದಾಗ ಮಾತ್ರ ಸ್ವಂತ ವ್ಯವಸ್ಥೆಯ ಮಾತು ಸಲ್ಲುತ್ತದೆ. ಕಟ್ಟುವ ಖರ್ಚು ಒಂದು ಸಲದ್ದು, ಸಾಕುವ ಖರ್ಚು ಪ್ರತಿ ವರ್ಷದ್ದು. ಅಮೆರಿಕದ ವಾಕ್ಸ್ ಮೀಡಿಯಾ 'ಕೋರಸ್' ಎಂಬ ತನ್ನದೇ ಸಿಎಂಎಸ್ ಕಟ್ಟಿ ಹೆಸರು ಮಾಡಿತು, 2018ರಿಂದ ಬೇರೆ ಪ್ರಕಾಶಕರಿಗೂ ಅದನ್ನು ಒದಗಿಸತೊಡಗಿತು. ಕೆಲವೇ ವರ್ಷಗಳಲ್ಲಿ ಆ ವ್ಯವಹಾರ ನಿಲ್ಲಿಸಿ, ತಾನೂ ವರ್ಡ್‌ಪ್ರೆಸ್‌ಗೆ ಹೊರಳಿತು. ಕೋರಸ್ ಕೆಟ್ಟ ತಂತ್ರಾಂಶವಾಗಿರಲಿಲ್ಲ. ಸಾಕುವ ಹೊರೆ ಕೂಡ ತಂತ್ರಾಂಶದ ಒಂದು ಗುಣವೇ ಎಂದು ಎಣಿಸಬೇಕು.

ಚಿಕ್ಕ ತಂಡವೊಂದು ಈ ಕೆಲಸವನ್ನು ಚೆನ್ನಾಗಿ ಮಾಡಿದ ಉದಾಹರಣೆ ಅಮೆರಿಕದ ಕಾನ್ಸಸ್ ರಾಜ್ಯದ್ದು. ಲಾರೆನ್ಸ್ ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿನ 'ಲಾರೆನ್ಸ್ ಜರ್ನಲ್-ವರ್ಲ್ಡ್' ಸ್ಥಳೀಯ ಕುಟುಂಬವೊಂದರ ಒಡೆತನದಲ್ಲಿದ್ದ ದಿನಪತ್ರಿಕೆ. ಅದರ ಜಾಲತಾಣ ವಿಭಾಗದಲ್ಲಿ 2003ರ ಹೊತ್ತಿಗೆ ಏಡ್ರಿಯನ್ ಹೊಲೊವಾಟಿ ಮತ್ತು ಬ್ರಿಟನ್ನಿನಿಂದ ಒಂದು ವರ್ಷದ ಮಟ್ಟಿಗೆ ಬಂದಿದ್ದ ವಿದ್ಯಾರ್ಥಿ ಸೈಮನ್ ವಿಲಿಸನ್ ಕೆಲಸ ಮಾಡುತ್ತಿದ್ದರು. ಪಿಎಚ್‌ಪಿ ಭಾಷೆಯಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಂಗಳು ಬೆಳೆದಂತೆಲ್ಲ ನಿಭಾಯಿಸಲು ಕಷ್ಟವಾಗಿ, ಆ ವರ್ಷ ಅವರು ಪೈಥಾನ್ ಭಾಷೆಗೆ ಬದಲಾದರು. ಸಂಪಾದಕರು ಹೊಸ ವಿಭಾಗ ಬೇಕೆಂದು ಕೇಳಿದರೆ ಕೆಲವೊಮ್ಮೆ ಎರಡು ಮೂರು ದಿನ, ಕೆಲವೊಮ್ಮೆ ಕೆಲವೇ ಗಂಟೆಗಳ ಗಡುವು. ಊರಿನ ಬ್ಯಾಂಡ್‌ಗಳ ಕಾರ್ಯಕ್ರಮ ಪಟ್ಟಿ, ಕಾಲೇಜು ಕ್ರೀಡೆ, ಮಕ್ಕಳ ಬೇಸ್‌ಬಾಲ್ ಪಂದ್ಯಗಳು ಹೀಗೆ ಒಂದೊಂದಕ್ಕೂ ಬೇರೆ ಬೇರೆ ಮಾಹಿತಿ, ಬೇರೆ ಬೇರೆ ಪುಟ.

ಪ್ರತಿ ಸಲವೂ ಮೊದಲಿನಿಂದ ಬರೆಯಲು ಪುರುಸೊತ್ತಿರಲಿಲ್ಲ. ಹೀಗಾಗಿ ಎಲ್ಲ ಕಡೆ ಮರಳಿ ಮರಳಿ ಬರುತ್ತಿದ್ದ ಕೋಡ್ ಅನ್ನು ಅವರು ಪ್ರತ್ಯೇಕಿಸಿ ಒಂದೆಡೆ ಇಟ್ಟರು. ಅದರಲ್ಲಿ ಒಂದು ವಿಶೇಷವಿತ್ತು. ಪ್ರೋಗ್ರಾಮರ್ 'ಕಾರ್ಯಕ್ರಮ' ಎಂಬ ವಸ್ತುವಿಗೆ ಹೆಸರು, ದಿನಾಂಕ, ಸ್ಥಳ, ಪ್ರವೇಶ ಶುಲ್ಕ ಎಂಬ ಅಂಶಗಳಿವೆ ಎಂದು ಹತ್ತಾರು ಸಾಲಿನಲ್ಲಿ ವಿವರಿಸಿದರೆ ಸಾಕು. ಆ ಅಂಶಗಳನ್ನು ತುಂಬುವ, ಹುಡುಕುವ, ತಿದ್ದುವ ಪರದೆಗಳು ತಾವಾಗಿಯೇ ಸಿದ್ಧವಾಗುತ್ತಿದ್ದವು. ಪ್ರೋಗ್ರಾಮರ್ ಜಾಲತಾಣದ ಪುಟ ಬರೆಯುತ್ತಿರುವಾಗಲೇ, ಪಕ್ಕದಲ್ಲಿ ಕೂತ ಪತ್ರಕರ್ತರು ಮಾಹಿತಿ ತುಂಬಲು ತೊಡಗಬಹುದಿತ್ತು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕಿರಲಿಲ್ಲ. ಪ್ರವೇಶ ಶುಲ್ಕ ವಿದ್ಯಾರ್ಥಿಗಳಿಗೆ ಬೇರೆ ಇದೆ ಎಂದು ಮಾಹಿತಿ ತುಂಬುವವರಿಗೆ ಹೊಳೆದರೆ ಅಂದೇ ಒಂದು ಅಂಶ ಹೆಚ್ಚಾಗುತ್ತಿತ್ತು. ಸಾಮಾನ್ಯವಾಗಿ ದೊಡ್ಡ ಯೋಜನೆಗಳಲ್ಲಿ ಇಂಥ ತಿದ್ದುಪಡಿಗೆ ಮೂರು ಸಭೆ, ಒಂದು ಟಿಪ್ಪಣಿ, ಒಂದು ತಿಂಗಳು ಬೇಕು.

ವಿಲಿಸನ್ ಊರಿಗೆ ಮರಳಿದ ಮೇಲೆ ಜೇಕಬ್ ಕಾಪ್ಲಾನ್-ಮಾಸ್ ತಂಡ ಸೇರಿದರು. ಪರದೆಗಳ ವಿನ್ಯಾಸವನ್ನು ವಿಲ್ಸನ್ ಮೈನರ್ ಮಾಡಿದರು. 2005ರ ಜುಲೈನಲ್ಲಿ ಪತ್ರಿಕೆಯ ಮಾಲೀಕರು ಆ ಕೋಡನ್ನು ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಬಿಟ್ಟುಕೊಟ್ಟರು. ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ನೆನಪಿಗೆ ಅದಕ್ಕೆ ಜಾಂಗೊ ಎಂದು ಹೆಸರಾಯಿತು. ಇಂದು ಬೆಂಗಳೂರಿನ ಯಾವುದೇ ಪೈಥಾನ್ ಡೆವಲಪರ್‌ಗೂ ಚಿರಪರಿಚಿತವಾದ ಈ ಉಪಕರಣ ಹುಟ್ಟಿದ್ದು ಊರಿನ ಪತ್ರಿಕೆಯೊಂದರ ದೈನಂದಿನ ಗಡುವಿನಲ್ಲಿ ಎಂಬುದು ನಿಜಕ್ಕೂ ಸಂತೋಷದ ಸಂಗತಿ. ಮಾಲೀಕರು ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಸುದ್ದಿ, ಫೋಟೊ, ಜಾಹೀರಾತಿಗೆ ಸಂಬಂಧಿಸಿದ ಭಾಗ 'ಎಲಿಂಗ್ಟನ್' ಹೆಸರಿನಲ್ಲಿ ಬೇರೆ ಪತ್ರಿಕೆಗಳಿಗೆ ಮಾರಾಟವಾಯಿತು. ಯಾವುದು ಎಲ್ಲರಿಗೂ ಸಾಮಾನ್ಯ, ಯಾವುದು ಪತ್ರಿಕೋದ್ಯಮಕ್ಕೇ ವಿಶಿಷ್ಟ ಎಂದು ಎರಡು ವರ್ಷದ ಬಳಕೆ ಅವರಿಗೆ ಕಲಿಸಿತ್ತು.

ಹೊಲೊವಾಟಿ 2006ರಲ್ಲಿ ಬರೆದ ಒಂದು ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಪತ್ರಿಕೆಗಳು ಎಲ್ಲವನ್ನೂ ಉದ್ದನೆಯ ಬರಹವೆಂದೇ ಕೂಡಿಡುತ್ತವೆ, ಅದರಿಂದ ಅಪಾರ ಮಾಹಿತಿ ಪೋಲಾಗುತ್ತದೆ ಎಂಬುದು ಅವರ ವಾದ. ಬೆಂಕಿ ಅನಾಹುತದ ವರದಿಯನ್ನು ಅವರು ಉದಾಹರಣೆಗೆ ತೆಗೆದುಕೊಂಡಿದ್ದರು. ಬೆಂಕಿ ಬಿದ್ದ ದಿನ, ಹೊತ್ತು, ಸ್ಥಳ, ಅಗ್ನಿಶಾಮಕ ಠಾಣೆಯಿಂದ ಇದ್ದ ದೂರ, ಸಿಬ್ಬಂದಿ ತಲುಪಲು ಹಿಡಿದ ಸಮಯ ಎಲ್ಲವೂ ವರದಿಗಾರರ ಟಿಪ್ಪಣಿ ಪುಸ್ತಕದಲ್ಲಿರುತ್ತವೆ. ಅವೆಲ್ಲ ಬೇರೆ ಬೇರೆ ಅಂಶಗಳಾಗಿ ಡೇಟಾಬೇಸಿಗೆ ಹೋದರೆ, ಯಾವ ಬಡಾವಣೆಗೆ ಅಗ್ನಿಶಾಮಕ ದಳ ತಡವಾಗಿ ಬರುತ್ತಿದೆ ಎಂದು ಐದು ವರ್ಷದ ನಂತರವೂ ಕೇಳಬಹುದು. ಪ್ಯಾರಾಗಳೊಳಗೆ ಕರಗಿಹೋದರೆ ಯಾವ ಕಂಪ್ಯೂಟರೂ ಅದನ್ನು ಸಲೀಸಾಗಿ ಹೊರತೆಗೆಯದು. ಮರುವರ್ಷ ಶುರುವಾದ 'ಪೊಲಿಟಿಫ್ಯಾಕ್ಟ್' ಜಾಂಗೊ ಬಳಸಿ ಇದನ್ನೇ ಮಾಡಿ ತೋರಿಸಿತು. ರಾಜಕಾರಣಿ, ಅವರ ಹೇಳಿಕೆ, ಅದು ಎಷ್ಟು ಸತ್ಯ ಎಂಬ ತೀರ್ಪು, ಮೂರೂ ಅಲ್ಲಿ ಬೇರೆ ಬೇರೆ ಅಂಶಗಳು. 2009ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಇದರ ಇನ್ನೊಂದು ಮುಖ ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್‌ನಲ್ಲಿ ಕಂಡಿತು. ಒಮ್ಮೆ ಬರೆದದ್ದು ಎಲ್ಲೆಡೆ ಪ್ರಕಟವಾಗಬೇಕು ಎಂಬ ಸೂತ್ರವನ್ನು ಅಲ್ಲಿನ ಡೇನಿಯಲ್ ಜೇಕಬ್ಸನ್ 2009ರಲ್ಲಿ ವಿವರಿಸಿದರು. ಶೀರ್ಷಿಕೆ, ಸಾರಾಂಶ, ಪ್ಯಾರಾಗಳು, ಧ್ವನಿಮುದ್ರಿಕೆ, ಚಿತ್ರ ಇವುಗಳಿಗೆ ಬಣ್ಣ, ಅಕ್ಷರದ ಗಾತ್ರ, ಪುಟದ ಜಾಗ ಯಾವುದನ್ನೂ ಅಂಟಿಸದೆ ಇಡುವುದು ಅದರ ಮರ್ಮ. ರೂಪದ ಗೊಡವೆ ಪ್ರತಿ ಮಾಧ್ಯಮಕ್ಕೇ ಸೇರಿದ್ದು. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಾಗ ಎನ್‌ಪಿಆರ್‌ನ ಆ್ಯಪ್ ಅದಕ್ಕೆ ಸಿದ್ಧವಾಗಿತ್ತು. ಬರಹಗಳನ್ನು ಹೊಸದಾಗಿ ಸಜ್ಜು ಮಾಡುವ ಅಗತ್ಯವೇ ಇರಲಿಲ್ಲ. ವಿನ್ಯಾಸದ ಸಂಕೇತಗಳನ್ನೂ ಬರಹವನ್ನೂ ಒಂದರೊಳಗೊಂದು ಹೆಣೆದಿಟ್ಟ ಸಂಸ್ಥೆಗಳು ಆಗ ಪ್ರತಿ ಪುಟವನ್ನೂ ಬಿಡಿಸಬೇಕಾಯಿತು.

ಹಾಗೆಂದು ಎಲ್ಲವನ್ನೂ ಚೂರುಚೂರು ಮಾಡಹೊರಟರೆ ಡೆಸ್ಕಿನವರು ತಿರುಗಿ ಬೀಳುತ್ತಾರೆ, ಅದು ನ್ಯಾಯವೂ ಹೌದು. ರಾತ್ರಿ ಹನ್ನೊಂದಕ್ಕೆ ಜಿಲ್ಲಾ ಆವೃತ್ತಿ ಮುಗಿಸುವ ಉಪಸಂಪಾದಕರ ಮುಂದೆ ನಲವತ್ತು ಖಾಲಿ ಚೌಕಗಳನ್ನು ಇಟ್ಟರೆ, ಅವರು ಸಿಕ್ಕಿದ್ದನ್ನು ತುಂಬಿ ಮುಂದೆ ಹೋಗುತ್ತಾರೆ. ಡೇಟಾಬೇಸಿನಲ್ಲಿ ಕಸ ಸೇರುತ್ತದೆ. ಒಂದು ಅಂಶ ಬೇಕೋ ಬೇಡವೋ ಎಂದು ತೀರ್ಮಾನಿಸಲು ಸರಳ ಒರೆಗಲ್ಲಿದೆ: ಅದನ್ನು ಬಳಸುವ ಪುಟ, ಪಟ್ಟಿ ಅಥವಾ ಹುಡುಕಾಟ ಈಗಲೇ ಒಂದಾದರೂ ಇದೆಯೇ? ಇಲ್ಲವೆಂದರೆ ಆ ಚೌಕ ಕಾಯಬಹುದು.

ಬರೆಯುವ ಪರದೆಯ ಕಷ್ಟ ಮೇಲ್ನೋಟಕ್ಕೆ ಕಾಣದು. ಬ್ರೌಸರಿನೊಳಗೆ ದಪ್ಪಕ್ಷರ, ಕೊಂಡಿ, ಉಲ್ಲೇಖಗಳನ್ನು ಸೇರಿಸುತ್ತ ಬರೆಯುವ ಜಾಗವನ್ನು ಕೊಡುವುದು ಇಂದಿಗೂ ತ್ರಾಸದ ಕೆಲಸ. ಒಂದೊಂದು ಬ್ರೌಸರ್ ಒಂದೊಂದು ರೀತಿ ನಡೆದುಕೊಳ್ಳುತ್ತದೆ. 'ಗಾರ್ಡಿಯನ್' ಇದಕ್ಕೆಂದೇ 'ಸ್ಕ್ರೈಬ್' ಎಂಬುದನ್ನು ಬರೆದು ಮುಕ್ತವಾಗಿಟ್ಟಿತು. 'ನ್ಯೂಯಾರ್ಕ್ ಟೈಮ್ಸ್' ತನ್ನ 'ಓಕ್' ಎಂಬ ಎಡಿಟರನ್ನು 'ಪ್ರೋಸ್‌ಮಿರರ್' ಎಂಬ ಮುಕ್ತ ಉಪಕರಣದ ಮೇಲೆ ಕಟ್ಟಿತು. ಒಂದೇ ಕಾಪಿಯನ್ನು ಇಬ್ಬರು ತೆರೆದರೆ ಏನಾಗಬೇಕು, ಒಬ್ಬರಿಗೆ ಬೀಗ ಬೀಳಬೇಕೋ ಇಬ್ಬರ ತಿದ್ದುಪಡಿಯೂ ಬೆರೆಯಬೇಕೋ ಎಂಬುದು ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ ಡೆಸ್ಕಿನ ಕೆಲಸದ ಹಂಚಿಕೆಗೆ ಸೇರಿದ್ದು. ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ದಾಖಲೆ, ಹಿಂದಿನ ಪ್ರತಿಗೆ ಮರಳುವ ಅವಕಾಶ, ನಿಗದಿತ ಸಮಯದವರೆಗೆ ಸುದ್ದಿಯನ್ನು ತಡೆಹಿಡಿಯುವ ವ್ಯವಸ್ಥೆ ಇವು ಮೊದಲ ದಿನದಿಂದಲೇ ಬೇಕು. ಮಾನನಷ್ಟ ಮೊಕದ್ದಮೆ ಬಂದಾಗ ವಕೀಲರು ಮೊದಲು ಕೇಳುವುದು ಈ ದಾಖಲೆಯನ್ನೇ.

ಕನ್ನಡದ ಸುದ್ದಿಮನೆಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ಕೆಲವು ಅಕ್ಷರರೂಪಗಳನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಸಂಕೇತಗಳು. 'ಸಾಫ್ಟ್‌ವೇರ್' ಎಂಬಲ್ಲಿ ಟಕಾರದ ನಂತರ ಒಂದು ಜೋಡಣೆ-ತಡೆ ಇದೆ. ಅದು ಹೋದರೆ ವಕಾರ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರದ ನಂತರ ಒಂದು ಜೋಡಣೆ-ಸಂಕೇತ ಇದೆ. ಅದು ಹೋದರೆ ರಕಾರ ಅರ್ಕಾವತ್ತಾಗಿ ಬಲಕ್ಕೆ ಸರಿಯುತ್ತದೆ. ಇಂಗ್ಲಿಷಿಗೆಂದು ಬರೆದ ಎಷ್ಟೋ ಎಡಿಟರ್‌ಗಳು ಪೇಸ್ಟ್ ಮಾಡಿದ ಬರಹವನ್ನು ಶುಚಿಗೊಳಿಸುವಾಗ ಕಾಣದ ಸಂಕೇತಗಳನ್ನೆಲ್ಲ ಅಳಿಸಿಬಿಡುತ್ತವೆ. ದೋಷ ಓದುಗರ ಕಣ್ಣಿಗೆ ಕಾಗುಣಿತದ ತಪ್ಪಿನಂತೆ ಕಾಣುತ್ತದೆ, ಬೈಗುಳ ಕರಡು ತಿದ್ದಿದವರಿಗೆ ಬೀಳುತ್ತದೆ. ಪರೀಕ್ಷೆಯ ಹಂತದಲ್ಲಿ ಇಂಥ ಐವತ್ತು ಪದಗಳ ಪಟ್ಟಿಯೊಂದನ್ನು ಪೇಸ್ಟ್ ಮಾಡಿ, ಉಳಿಸಿ, ಮತ್ತೆ ತೆರೆದು ನೋಡುವುದು ಅರ್ಧ ಗಂಟೆಯ ಕೆಲಸ.

ನಿರ್ವಹಣೆ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಬಿಬಿಸಿಯ 'ಡಿಜಿಟಲ್ ಮೀಡಿಯಾ ಇನಿಷಿಯೇಟಿವ್' ಯೋಜನೆಯ ಕಥೆಯನ್ನು ಬ್ರಿಟನ್ನಿನ ಲೆಕ್ಕಪರಿಶೋಧಕರೇ ದಾಖಲಿಸಿಟ್ಟಿದ್ದಾರೆ. ವಿಡಿಯೊ ಟೇಪ್‌ಗಳನ್ನು ಕೊನೆಗಾಣಿಸಿ, ಚಿತ್ರೀಕರಣದಿಂದ ಸಂಕಲನ, ಸಂಗ್ರಹದವರೆಗೆ ಎಲ್ಲವನ್ನೂ ಸಿಬ್ಬಂದಿ ತಮ್ಮ ಕಂಪ್ಯೂಟರಿನಲ್ಲೇ ಮಾಡುವಂತಾಗಬೇಕು ಎಂಬುದು ಗುರಿ. 2008ರ ಫೆಬ್ರುವರಿಯಲ್ಲಿ ಸೀಮನ್ಸ್ ಕಂಪನಿಗೆ ಗುತ್ತಿಗೆ ಹೋಯಿತು. 2009ರಲ್ಲಿ ಅದು ಮುರಿದುಬಿದ್ದು, ಬಿಬಿಸಿ ಕೆಲಸವನ್ನು ತಾನೇ ಕೈಗೆತ್ತಿಕೊಂಡಿತು. 2012ರ ಅಕ್ಟೋಬರ್‌ನಲ್ಲಿ ತಡೆ ಬಿತ್ತು, 2013ರ ಮೇ ತಿಂಗಳಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ನಿವ್ವಳ ನಷ್ಟ 9.84 ಕೋಟಿ ಪೌಂಡ್, ಬಹುಪಾಲು ಸಾರ್ವಜನಿಕರು ಕಟ್ಟಿದ ಪರವಾನಗಿ ಶುಲ್ಕದ ಹಣ. ಬಳಕೆಗೆ ಬಂದ ಒಂದೇ ಮುಖ್ಯ ಭಾಗವೆಂದರೆ ಸಂಗ್ರಹದ ಸೂಚಿ. ಅದನ್ನು ನಿಯಮಿತವಾಗಿ ಬಳಸುತ್ತಿದ್ದವರು 163 ಮಂದಿ. ಅದರ ವಾರ್ಷಿಕ ಖರ್ಚು ಸುಮಾರು 30 ಲಕ್ಷ ಪೌಂಡ್. ಅದು ಬದಲಿಸಬೇಕಿದ್ದ ನಲವತ್ತು ವರ್ಷ ಹಳೆಯ ವ್ಯವಸ್ಥೆಗೆ 7.8 ಲಕ್ಷ ಪೌಂಡ್ ಸಾಕಾಗಿತ್ತು. ಕೆಲವು ಕೆಲಸಗಳಿಗೆ ಹೊಸದರಲ್ಲಿ ಹಳೆಯದರ ಹತ್ತು ಪಟ್ಟು ಸಮಯ ಹಿಡಿಯುತ್ತಿತ್ತು.

ಲೆಕ್ಕಪರಿಶೋಧಕರು ಬೊಟ್ಟು ಮಾಡಿದ್ದು ಆಡಳಿತದ ಕಡೆಗೆ. ಇಡೀ ಯೋಜನೆಯ ಫಲಕ್ಕೆ ಹೊಣೆಯಾಗುವ ಒಬ್ಬ ಹಿರಿಯ ಅಧಿಕಾರಿ ಇರಲಿಲ್ಲ. ತಂತ್ರಾಂಶ ಕಟ್ಟುವುದಕ್ಕೆ ಕೊಟ್ಟ ಗಮನ, ಕಾರ್ಯಕ್ರಮ ತಯಾರಿಸುವವರ ಕೆಲಸದ ರೀತಿ ಹೇಗೆ ಬದಲಾಗಬೇಕು ಎಂಬುದಕ್ಕೆ ಸಿಗಲಿಲ್ಲ. ಬಿಡುಗಡೆಗಳು ಮೇಲಿಂದ ಮೇಲೆ ತಡವಾಗಿ, ತಯಾರಕರು ನಂಬಿಕೆ ಕಳೆದುಕೊಂಡು ತಮ್ಮ ತಮ್ಮ ಬದಲಿ ದಾರಿಗಳನ್ನು ಹುಡುಕಿಕೊಂಡರು. ಮೇಲಿನವರಿಗೆ ತಲುಪುತ್ತಿದ್ದ ವರದಿಗಳಲ್ಲಿ ಪರಿಸ್ಥಿತಿಯ ಗಂಭೀರತೆ ಕಾಣುತ್ತಿರಲಿಲ್ಲ. ಲಾರೆನ್ಸ್‌ನ ತಂಡಕ್ಕೂ ಇದಕ್ಕೂ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ, ನಿಜ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಲಾರೆನ್ಸ್‌ನಲ್ಲಿ ತಪ್ಪು ತೀರ್ಮಾನದ ಸುದ್ದಿ ಪ್ರೋಗ್ರಾಮರ್‌ಗೆ ಅಂದೇ ತಲುಪುತ್ತಿತ್ತು. ಲಂಡನ್ನಿನಲ್ಲಿ ಅದು ತಲುಪುವಷ್ಟರಲ್ಲಿ ವರ್ಷಗಳು ಕಳೆದಿದ್ದವು.

ದೊಡ್ಡ ಸಂಸ್ಥೆಯೂ ಆ ಅಂತರವನ್ನು ಕಿರಿದು ಮಾಡಿಕೊಳ್ಳಬಹುದು. ಒಂದೇ ಡೆಸ್ಕನ್ನು, ಉದಾಹರಣೆಗೆ ಸಾಪ್ತಾಹಿಕ ಪುರವಣಿಯನ್ನು, ಮೊದಲು ಆರಿಸಿಕೊಂಡು ಅದರ ಒಂದು ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹೊಸ ವ್ಯವಸ್ಥೆಯಲ್ಲೇ ತರುವುದು ವಾಡಿಕೆಯ ಆರಂಭ. ಪುರವಣಿಗೆ ಗಡುವಿನ ಒತ್ತಡ ಕಡಿಮೆ, ಎಡವಿದರೆ ಹಳೆಯ ದಾರಿಗೆ ಮರಳಲು ಸಮಯವಿರುತ್ತದೆ. ಆದ್ಯತೆಗಳನ್ನು ನಿರ್ಧರಿಸುವ ಅಧಿಕಾರ ಸುದ್ದಿಮನೆಯಿಂದ ಬಂದ ಒಬ್ಬರ ಕೈಯಲ್ಲಿರಬೇಕು. ಸಮಿತಿಗೆ ಕೊಟ್ಟರೆ ಪ್ರತಿ ವಿಭಾಗದ ಬೇಡಿಕೆಯೂ ಪಟ್ಟಿಗೆ ಸೇರುತ್ತದೆ, ಯಾವುದೂ ಹೊರಗೆ ಹೋಗುವುದಿಲ್ಲ. ಪ್ರಗತಿಯನ್ನು ಅಳೆಯಲು ಮುಗಿದ ಕೆಲಸಗಳ ಪಟ್ಟಿ ಸಾಲದು. ಕಾಪಿ ಕೈಗೆ ಬಂದಾಗಿನಿಂದ ಪ್ರಕಟವಾಗುವವರೆಗೆ ಎಷ್ಟು ನಿಮಿಷ, ಹೊಸ ವ್ಯವಸ್ಥೆಯಲ್ಲಿ ದಿನಕ್ಕೆ ಎಷ್ಟು ಬರಹ, ಎಷ್ಟು ಮಂದಿ ಇನ್ನೂ ಇ-ಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಕಾಪಿ ದಾಟಿಸುತ್ತಿದ್ದಾರೆ ಎಂಬ ಲೆಕ್ಕ ಸತ್ಯ ಹೇಳುತ್ತದೆ. ಈ ಕೊನೆಯದು ಏರುತ್ತಿದ್ದರೆ ತಂತ್ರಾಂಶದಲ್ಲಿ ಏನೋ ಕೊರತೆ ಇದೆ ಎಂದೇ ಅರ್ಥ.

ಹಳೆಯ ಬರಹಗಳ ಸ್ಥಳಾಂತರವನ್ನು ಯೋಜನಾಪಟ್ಟಿಗಳು ಕೊನೆಯ ಸಾಲಿನಲ್ಲಿ ತೋರಿಸುತ್ತವೆ. ಕಷ್ಟದಲ್ಲಿ ಅದು ಮೊದಲ ಸಾಲಿನದು. 'ಗಾರ್ಡಿಯನ್' ತನ್ನ 'ಕಂಪೋಸರ್' ಸಿಎಂಎಸ್‌ನ ಬರಹಗಳನ್ನು ಮಾಂಗೋಡಿಬಿ ಡೇಟಾಬೇಸಿನಿಂದ ಪೋಸ್ಟ್‌ಗ್ರೆಸ್‌ಗೆ ವರ್ಗಾಯಿಸಿದ ರೀತಿ ಇಲ್ಲಿ ಮಾದರಿಯಾಗಿದೆ. ಸುಮಾರು 23 ಲಕ್ಷ ಬರಹಗಳು, ಪತ್ರಿಕೆ ಒಂದು ಗಂಟೆಯೂ ನಿಲ್ಲುವಂತಿಲ್ಲ. ತಂಡ ಎರಡು ಡೇಟಾಬೇಸುಗಳ ಮುಂದೆ ಒಂದು ನಡುವರ್ತಿ ಪ್ರೋಗ್ರಾಂ ಇಟ್ಟಿತು. ಸಂಪಾದಕರ ಪ್ರತಿಯೊಂದು ಕೋರಿಕೆಯೂ ಹಳೆಯದಕ್ಕೆ ಹೋಗಿ ಉತ್ತರ ತರುತ್ತಿತ್ತು. ಅದೇ ಕೋರಿಕೆ ಹಿನ್ನೆಲೆಯಲ್ಲಿ ಹೊಸದಕ್ಕೂ ಹೋಗುತ್ತಿತ್ತು. ಎರಡರ ಉತ್ತರದಲ್ಲಿ ಅಂತರ ಕಂಡರೆ ದಾಖಲಾಗುತ್ತಿತ್ತು. ಅಂತರಗಳನ್ನೆಲ್ಲ ಸರಿಪಡಿಸಿದ ಮೇಲೆ ಹೊಸದನ್ನು ಮುಂದಕ್ಕೆ ತಂದು, ಕೊನೆಗೆ 2018ರಲ್ಲಿ ಹಳೆಯದನ್ನು ಆರಿಸಿದರು. ಓದುಗರಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಬಾರದೆಂಬುದೇ ಇಷ್ಟೆಲ್ಲ ಶ್ರಮದ ಉದ್ದೇಶವಾಗಿತ್ತು.

ಕನ್ನಡದ ಹಳೆಯ ಸಂಗ್ರಹಗಳ ವರ್ಗಾವಣೆಯಲ್ಲಿ ಅಕ್ಷರಗಳನ್ನೇ ಬದಲಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಕಾಲದಲ್ಲಿ ಟೈಪಾದ ಪುಟಗಳಲ್ಲಿ ಅಕ್ಷರಗಳ ಬದಲು ಅವುಗಳ ಆಕಾರದ ತುಂಡುಗಳು ಉಳಿದಿವೆ. ಕಂಪ್ಯೂಟರಿನ ಪಾಲಿಗೆ ಅವು ಲ್ಯಾಟಿನ್ ಅಕ್ಷರಗಳು, ಕನ್ನಡದ ಫಾಂಟ್ ತೊಡಿಸಿದಾಗ ಮಾತ್ರ ಕನ್ನಡ. ನುಡಿಯ ಹಳೆಯ ವಿನ್ಯಾಸದಲ್ಲಿ 'ಸೂರ್ಯ' ಎಂಬುದನ್ನು ತೆಗೆದುಕೊಳ್ಳಬಹುದು. ಅಲ್ಲಿ ಅರ್ಕಾವತ್ತು ಯಕಾರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಉಚ್ಚಾರದಂತೆ ಮೊದಲು ಬರಬೇಕು. ಯಕಾರವೇ ನಾಲ್ಕು ತುಂಡುಗಳಿಂದ ಆದದ್ದು, ಅದರ ಮೊದಲ ತುಂಡು ಅನುಸ್ವಾರದ ಸೊನ್ನೆಯೇ. ಪರಿವರ್ತಿಸುವ ಪ್ರೋಗ್ರಾಂ ಸೊನ್ನೆ ಕಂಡೊಡನೆ ಅನುಸ್ವಾರವೆಂದು ಬರೆದುಕೊಂಡರೆ ಪುಟದ ಯಕಾರಗಳೆಲ್ಲ ಹಾಳು. ಉದ್ದನೆಯ ಜೋಡಿಯನ್ನು ಮೊದಲು ಹುಡುಕಿ, ಸಿಗದಿದ್ದರೆ ಚಿಕ್ಕದಕ್ಕೆ ಬರಬೇಕು. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನು ಮುಟ್ಟದೆ ಬಿಡಬೇಕು. ಒಂದೊಂದು ಫಾಂಟಿಗೂ ಒಂದೊಂದು ಕೋಷ್ಟಕ. ಯಾವ ವರ್ಷದ ಕಡತ ಯಾವ ಫಾಂಟಿನದು ಎಂದು ಬಲ್ಲವರು ಹಳೆಯ ಪುಟವಿನ್ಯಾಸಕಾರರು. ಅವರು ನಿವೃತ್ತರಾಗುವ ಮೊದಲೇ ಈ ಕೆಲಸ ಶುರುವಾಗಬೇಕು. ಪರಿವರ್ತನೆಯಾಗದ ಪುಟ ಹುಡುಕಾಟಕ್ಕೆ ಸಿಗದು, ಓದಿ ಹೇಳುವ ಯಂತ್ರಕ್ಕೂ ಅರ್ಥವಾಗದು.

ಹಳೆಯ ವ್ಯವಸ್ಥೆಯನ್ನು ಮುಚ್ಚುವುದು ಕೊನೆಯ ಹಂತ. ಹಳೆಯ ಕೊಂಡಿಗಳು ಹೊಸ ವಿಳಾಸಕ್ಕೆ ಶಾಶ್ವತವಾಗಿ ತಿರುಗುವಂತೆ ಸರ್ವರ್‌ನಲ್ಲಿ ನಿರ್ದೇಶನ ಇಡಬೇಕು, ಇಲ್ಲದಿದ್ದರೆ ಪ್ರಬಂಧಗಳಲ್ಲಿ, ವಿಕಿಪೀಡಿಯದಲ್ಲಿ, ನ್ಯಾಯಾಲಯದ ಕಡತಗಳಲ್ಲಿ ಉಲ್ಲೇಖವಾಗಿರುವ ವರದಿಗಳು ಇಲ್ಲವಾಗುತ್ತವೆ. ಹಳೆಯ ಡೇಟಾಬೇಸನ್ನು ಕೆಲವು ತಿಂಗಳು ಓದಲಷ್ಟೇ ತೆರೆದಿಟ್ಟು, ಅದರಿಂದ ಯಾರು ಏನು ಹುಡುಕುತ್ತಿದ್ದಾರೆ ಎಂದು ಗಮನಿಸಿದರೆ ವರ್ಗಾವಣೆಯಲ್ಲಿ ಬಿಟ್ಟುಹೋದದ್ದು ಬಯಲಾಗುತ್ತದೆ. ಹೆಚ್ಚಾಗಿ ಸಿಗುವುದು ಚಿತ್ರಶೀರ್ಷಿಕೆಗಳು, ತಿದ್ದುಪಡಿ ಟಿಪ್ಪಣಿಗಳು, ಬೈಲೈನ್ ಇಲ್ಲದ ಬರಹಗಳ ಲೇಖಕರ ಹೆಸರುಗಳು. ಅವನ್ನೂ ಹೊಸದಕ್ಕೆ ಸೇರಿಸಿ, ಒಂದು ಪೂರ್ಣ ಪ್ರತಿಯನ್ನು ಎಲ್ಲರೂ ಓದಬಲ್ಲ ಸರಳ ಪಠ್ಯರೂಪದಲ್ಲಿ ತೆಗೆದಿರಿಸಿದ ಮೇಲೆ ಹಳೆಯ ಸರ್ವರನ್ನು ಆರಿಸಬಹುದು.